ಹೆಬ್ಬಾಳದಿಂದ ನಂದಿಗೆ ಸೈಕಲ್ ದಾರಿ

ಹೆಬ್ಬಾಳದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ನಂದಿ ಬೆಟ್ಟ ಬೆಂಗಳೂರಿನ ಸೈಕಲ್ ಸವಾರರ ಪಾಲಿಗೆ ಅಭ್ಯಾಸದ ಗರಡಿ. ಸಮುದ್ರಮಟ್ಟದಿಂದ ಇದರ ಎತ್ತರ 1,478 ಮೀಟರ್. ಹೋಗಿಬರುವ ದಾರಿ ನೂರು ಕಿಲೋಮೀಟರ್ ಆಸುಪಾಸು. ಬೆಳಕು ಹರಿಯುವ ಮೊದಲು ಯಶವಂತಪುರ, ಆರ್.ಟಿ. ನಗರ, ಯಲಹಂಕದ ಮನೆಗಳಿಂದ ಹೊರಟವರು ಬಿಸಿಲೇರುವ ಹೊತ್ತಿಗೆ ಮರಳಿ ಮನೆ ಸೇರಬಹುದು.

ಇಷ್ಟು ಸಲೀಸಾಗಲು ನೆಲದ ಗುಣವೇ ಕಾರಣ. ಬೆಂಗಳೂರು ನಿಂತಿರುವುದೇ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ. ಹಾಗಾಗಿ ಬೇಸಿಗೆಯಲ್ಲೂ ಮುಂಜಾವು ತಂಪಾಗಿರುತ್ತದೆ. ಯಲಹಂಕದಿಂದ ದೇವನಹಳ್ಳಿಯವರೆಗೆ ನೆಲ ಕೆರೆಯಂಗಳಕ್ಕೆ ಸ್ವಲ್ಪ ಇಳಿದು, ದಿಣ್ಣೆಗೆ ಸ್ವಲ್ಪ ಏರಿ ಸಾಗುತ್ತದೆಯೇ ಹೊರತು ಎಲ್ಲೂ ದೊಡ್ಡ ಏರಿಲ್ಲ. ಆಮೇಲೆ ಬಯಲಿನ ನಡುವೆ ಕರಿಕಲ್ಲಿನ ಬೆಟ್ಟಸಾಲು ಒಮ್ಮೆಲೇ ಎದ್ದು ನಿಲ್ಲುತ್ತದೆ. ಮೈ ಬಿಸಿಯಾಗಲು ಎರಡು ಗಂಟೆಯ ಸಮತಟ್ಟಾದ ದಾರಿ, ಕೊನೆಗೆ ಒಂದೇ ಒಂದು ಗಟ್ಟಿ ಏರು. ಅಭ್ಯಾಸಕ್ಕೆ ಬೇಕಾದ ಕ್ರಮವೂ ಇದೇ.

ಆದರೆ ಈ ದಾರಿಯಲ್ಲಿ ನಿಜವಾಗಿ ಕಷ್ಟದ್ದು ಬೆಟ್ಟವಲ್ಲ, ಹೆಬ್ಬಾಳದಿಂದ ದೇವನಹಳ್ಳಿಯವರೆಗಿನ ಬಳ್ಳಾರಿ ರಸ್ತೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಹೆದ್ದಾರಿಯ ಸ್ವರೂಪವೇ ಬದಲಾಯಿತು. ಬೆಳಗಿನ ನಾಲ್ಕಕ್ಕೂ ಐದಕ್ಕೂ ಟ್ಯಾಕ್ಸಿಗಳು, ವಾಯುವಜ್ರ ಬಸ್ಸುಗಳು ಧಾವಿಸುತ್ತಿರುತ್ತವೆ. ಎತ್ತರಿಸಿದ ರಸ್ತೆ ಮೋಟಾರು ವಾಹನಗಳದ್ದು. ಸೈಕಲ್ಲಿಗೆ ಕೆಳಗಿನ ಸರ್ವೀಸ್ ರೋಡೇ ಗತಿ. ಅಲ್ಲೂ ಅಪಾಯವಿರುವುದು ನೇರ ದಾರಿಯಲ್ಲಿ ಅಲ್ಲ, ಸರ್ವೀಸ್ ರೋಡು ಮುಖ್ಯರಸ್ತೆಗೆ ಕೂಡುವ, ಮತ್ತೆ ಬೇರೆಯಾಗುವ ಬಾಯಿಗಳಲ್ಲಿ. ಹೆದ್ದಾರಿಯಿಂದ ಎಡಕ್ಕೆ ಇಳಿಯುವ ಕಾರು ವೇಗ ತಗ್ಗಿಸದೆ ಬರುತ್ತದೆ. ನೆಟ್ಟಗೆ ಹೋಗಬೇಕಾದ ಸೈಕಲ್ಲು ಆ ಕಾರಿನ ದಾರಿಯನ್ನೇ ಅಡ್ಡ ದಾಟಬೇಕು. ಅನುಭವಿ ಸವಾರರು ಅಂಥ ಬಾಯಿ ಬರುವ ಮೊದಲೇ ಹಿಂತಿರುಗಿ ನೋಡುತ್ತಾರೆ, ಕೈ ಚಾಚಿ ತಮ್ಮ ದಾರಿ ತೋರಿಸುತ್ತಾರೆ, ಅನುಮಾನವಿದ್ದರೆ ನಿಂತೇಬಿಡುತ್ತಾರೆ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇಲ್ಲದೆ ಈ ರಸ್ತೆಗೆ ಇಳಿಯಲೇಬಾರದು. ಇಷ್ಟು ಜನ ತುಳಿಯುವ ದಾರಿಯಲ್ಲಿ ಉದ್ದಕ್ಕೂ ಸೈಕಲ್ಲಿನದೇ ಆದ ಪಟ್ಟಿ ಇಲ್ಲದಿರುವುದು ನಗರದ ದೊಡ್ಡ ಕೊರತೆ. ಬೆಸಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವಾಗಲಂತೂ ಈ ಕಡೆ ಬರದಿರುವುದೇ ಜಾಣತನ.

ದೇವನಹಳ್ಳಿ ದಾಟಿ, ನಂದಿ ಕ್ರಾಸ್‌ನಲ್ಲಿ ಎಡಕ್ಕೆ ತಿರುಗಿದ ಮೇಲೆ ದ್ರಾಕ್ಷಿ ತೋಟಗಳ ನಡುವಿನ ಹಳ್ಳಿ ರಸ್ತೆ ಸಿಗುತ್ತದೆ. ಕಪ್ಪು ಬಣ್ಣದ 'ಬೆಂಗಳೂರು ಬ್ಲೂ' ದ್ರಾಕ್ಷಿ ಬೆಳೆಯುವ ಸೀಮೆ ಇದು.

ಹೆದ್ದಾರಿ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ಯಲಹಂಕದಿಂದ ರಾಜಾನುಕುಂಟೆ, ದೊಡ್ಡಬಳ್ಳಾಪುರದ ಮೇಲೆ ಹಾದು ಪಡುವಣ ಕಡೆಯಿಂದ ಬೆಟ್ಟದ ಬುಡ ಸೇರುವುದು. ದೂರ ಸ್ವಲ್ಪ ಹೆಚ್ಚು, ಲಾರಿಗಳೂ ಇವೆ, ಆದರೂ ದೊಡ್ಡಬಳ್ಳಾಪುರದ ಮಗ್ಗಗಳ ಸದ್ದು ಹಿಂದೆ ಬಿದ್ದ ಮೇಲೆ ನೀಲಗಿರಿ ತೋಪುಗಳ ನಡುವಿನ ದಾರಿ ಮನಸ್ಸಿಗೆ ಹಿತ. ಎರಡನ್ನೂ ತುಳಿದವರು ಸಾಮಾನ್ಯವಾಗಿ ಎರಡನೆಯದಕ್ಕೇ ಮರಳುತ್ತಾರೆ.

ಡಿಸೆಂಬರ್, ಜನವರಿಯಲ್ಲಿ ಈ ಹಳ್ಳಿ ರಸ್ತೆಗಳೇ ಕಣವಾಗುತ್ತವೆ. ಕೊಯ್ದ ರಾಗಿ, ಹುರುಳಿಯನ್ನು ಟಾರಿನ ಮೇಲೆ ಹರಡಿದರೆ ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಇಪ್ಪತ್ತೈದು ಮಿಲಿಮೀಟರ್ ಅಗಲದ ಟೈರಿಗೆ ಆ ಹುಲ್ಲು ಒಣ ನೆಲದಲ್ಲೂ ಜಾರುಬಂಡೆ. ಹುರುಳಿ ಬಳ್ಳಿಯ ಎಳೆ ಹಿಂದಿನ ಗೇರಿಗೆ ಸುತ್ತಿಕೊಂಡರೆ ಚೈನು ಕಚ್ಚಿಕೊಂಡು ಪೆಡಲೇ ತಿರುಗುವುದಿಲ್ಲ. ಅಂಥಲ್ಲಿ ಬ್ರೇಕು ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನಿಧಾನವಾಗಿ ನೇರ ದಾಟಬೇಕು. ಹುಲ್ಲು ದಪ್ಪವಾಗಿದ್ದರೆ ಇಳಿದು ಎತ್ತಿಕೊಂಡು ಹೋಗುವುದೇ ಸರಿ. ರಸ್ತೆ ಆ ಹೊತ್ತಿಗೆ ಮೊದಲು ರೈತರದ್ದು.

ಬುಡದಿಂದ ತುದಿಗೆ ಏಳೆಂಟು ಕಿಲೋಮೀಟರ್ ಏರು. ಅಷ್ಟರಲ್ಲಿ ರಸ್ತೆ ನಾನೂರು ಮೀಟರಿಗೂ ಹೆಚ್ಚು ಮೇಲೇರುತ್ತದೆ. ಅಂದರೆ ನೂರು ಮೀಟರ್ ಮುಂದೆ ಹೋದರೆ ಸರಾಸರಿ ಐದಾರು ಮೀಟರ್ ಎತ್ತರ. ಸರಾಸರಿ ನೋಡಿ ಮೋಸಹೋಗಬಾರದು: ಕೆಳಗಿನ ಭಾಗ ಸೌಮ್ಯ, ತುದಿಯ ಹತ್ತಿರ ತಿರುವುಗಳು ಬಿಗಿಯಾಗಿ ಏರು ಕಡಿದಾಗುತ್ತದೆ. ಲೆಕ್ಕವನ್ನೇ ಹೇಳುವುದಾದರೆ, ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ತೂಕವನ್ನು 400 ಮೀಟರ್ ಎತ್ತಲು ಸುಮಾರು 333 ಕಿಲೋಜೂಲ್ ಶಕ್ತಿ ಬೇಕು. ಕಾಲುಗಳು ಎಡೆಬಿಡದೆ 200 ವಾಟ್ ಕೊಟ್ಟರೂ ಭೂಮಿಯ ಸೆಳೆತ ಮೀರುವುದಕ್ಕೇ 28 ನಿಮಿಷ ಹಿಡಿಯುತ್ತದೆ. ಗಾಳಿಯ ಮತ್ತು ಟೈರಿನ ತಡೆ ಅದಕ್ಕೆ ಸೇರಬೇಕು. ತೂಕ ಇಳಿದಷ್ಟೂ ಏರು ಹಗುರಾಗುವುದು ಇದೇ ಕಾರಣಕ್ಕೆ. ಹೊಸಬರು ಮೊದಲ ಎರಡು ಕಿಲೋಮೀಟರಿನಲ್ಲೇ ಉಮೇದಿನಿಂದ ಜೋರಾಗಿ ತುಳಿದು ಉಸಿರು ಕಳೆದುಕೊಳ್ಳುತ್ತಾರೆ. ಮುಂದೆ ಸಣ್ಣ ಚಕ್ರ, ಹಿಂದೆ ದೊಡ್ಡ ಚಕ್ರಕ್ಕೆ ಚೈನು ಹಾಕಿ, ಮಾತಾಡಬಲ್ಲಷ್ಟು ಉಸಿರು ಉಳಿಸಿಕೊಂಡು ಹತ್ತಿದರೆ ಕೊನೆಯ ತಿರುವುಗಳಿಗೆ ಕಾಲಲ್ಲಿ ಕಸುವಿರುತ್ತದೆ.

ತುದಿಯಲ್ಲಿ ಟಿಪ್ಪುವಿನ ಬೇಸಿಗೆ ಅರಮನೆಯಿದೆ, 1791ರಲ್ಲಿ ಬ್ರಿಟಿಷ್ ಸೇನೆ ಹಿಡಿದ ಕೋಟೆಯಿದೆ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಂಡದ್ದು ಇಲ್ಲಿನ ಹವೆಯಲ್ಲೇ.

ಇಳಿಯುವಾಗ ಏರುವಾಗಿನದಕ್ಕಿಂತ ಹೆಚ್ಚು ಎಚ್ಚರ ಬೇಕು. ಬ್ರೇಕನ್ನು ತಿರುವಿಗೆ ಮೊದಲು ಹಿಡಿದು, ತಿರುವಿನೊಳಗೆ ಬಿಡಬೇಕು. ಉದ್ದಕ್ಕೂ ಒತ್ತಿಹಿಡಿದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ಎಡ ಬಿಟ್ಟು ಕದಲಬಾರದು, ಏಕೆಂದರೆ ಮೇಲೇರುವ ಕಾರುಗಳು ತಿರುವಿನಲ್ಲಿ ನಡುಗೆರೆ ದಾಟಿಯೇ ಬರುತ್ತವೆ. ಚಳಿಗಾಲದ ಮಂಜಿನಿಂದ ಟಾರು ಒದ್ದೆ, ಜೊತೆಗೆ ಕೋತಿಗಳು. ಸೂರ್ಯೋದಯ ನೋಡುವವರ ವಾಹನಗಳು ಸಾಲುಗಟ್ಟುವ ಶನಿವಾರ, ಭಾನುವಾರ ಬಿಟ್ಟು ಬೇರೆ ದಿನ ಆರಿಸಿಕೊಂಡರೆ ಅರ್ಧ ಆತಂಕ ಕಡಿಮೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು ಈ ರಸ್ತೆ ಕೆಲವು ತಿಂಗಳು ಮುಚ್ಚಿತ್ತು. ಮಳೆಗಾಲದಲ್ಲಿ ವಿಚಾರಿಸಿಕೊಂಡು ಹೊರಡಬೇಕು.

ಬೆಟ್ಟ ಬೇಡವೆಂದವರಿಗೆ ಹೆಸರಘಟ್ಟವಿದೆ. ಅರ್ಕಾವತಿಗೆ 1894ರಲ್ಲಿ ಕಟ್ಟಿದ ಜಲಾಶಯದ ಸುತ್ತಲಿನ ಹುಲ್ಲುಗಾವಲಿಗೆ ಜಾಲಹಳ್ಳಿ, ಯಲಹಂಕಗಳಿಂದ ಹೋಗಿಬರುವುದು ಹೊಸಬರಿಗೆ ಹೇಳಿಮಾಡಿಸಿದ ಸವಾರಿ. ಜೂನ್, ಜುಲೈನಲ್ಲಿ ಮಾತ್ರ ಬಯಲಿನ ಪಡುವಣ ಗಾಳಿ ಎದುರಾದರೆ ಸಪಾಟು ನೆಲವೂ ಏರಿನಂತೆ ಕಾಡುತ್ತದೆ.

ಬೆಟ್ಟ, ಕಡಲು ಎರಡೂ ಒಂದೇ ಸವಾರಿಯಲ್ಲಿ ಸಿಗಬೇಕೆಂದರೆ ಜಗತ್ತಿನ ಸವಾರರು ಮೆಡಿಟರೇನಿಯನ್ ದ್ವೀಪವಾದ ಸ್ಪೇನಿನ ಮಯೋರ್ಕಾಕ್ಕೆ ಹೋಗುತ್ತಾರೆ. ಅಲ್ಲಿನ ಸಾ ಕಲೋಬ್ರಾ ರಸ್ತೆ ಕಡಲ ದಡದಿಂದ ಸುಮಾರು ಒಂಬತ್ತೂವರೆ ಕಿಲೋಮೀಟರ್ ಸುತ್ತಿ ಸುತ್ತಿ ಏರುತ್ತದೆ. ಕರ್ನಾಟಕದಲ್ಲಿ ಆ ಜೋಡಿ ಸಿಗುವುದು ಪಶ್ಚಿಮದಲ್ಲಿ. ಸೋಮೇಶ್ವರದಿಂದ ಆಗುಂಬೆಗೆ ಏರುವ 14 ತಿರುವುಗಳ ಘಾಟಿ ನಂದಿಯಲ್ಲಿ ಪಳಗಿದ ಕಾಲುಗಳಿಗೆ ಒಗ್ಗುತ್ತದೆ. ಇಳಿದು ಪಡುವಣಕ್ಕೆ ಸಾಗಿದರೆ ಕರಾವಳಿ. ಕುಂದಾಪುರದಾಚೆ ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಗೆ ಹೋಗಲು ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಘಾಟಿಯಲ್ಲಿ ರಸ್ತೆ ಕಿರಿದಾದ್ದರಿಂದ ಬಸ್ಸು ತಿರುವು ಮುಗಿಸುವವರೆಗೆ ಸೈಕಲ್ಲನ್ನು ಬದಿಗೆ ನಿಲ್ಲಿಸಿಕೊಳ್ಳಬೇಕಾಗುತ್ತದೆ.