ಸಂವಿಧಾನದಲ್ಲಿ ಸಿಗದ ಪದ: ಅಮೆರಿಕದ ಎಂಟನೇ ತರಗತಿಯ ಒಂದು ವಾರ

ಅಮೆರಿಕದ ಶಾಲೆಗಳಲ್ಲಿ ಏನು ಕಲಿಸ್ತಾರೆ ಅಂತ ಊರಿನವರು ಫೋನ್ ಮಾಡಿದಾಗಲೆಲ್ಲ ಕೇಳ್ತಾರೆ. ಇಲ್ಲಿ ಇಡೀ ದೇಶಕ್ಕೆ ಒಂದೇ ಪಠ್ಯಕ್ರಮ ಅಂತಿಲ್ಲ. ರಾಜ್ಯ, ಅದರೊಳಗೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ತೀರ್ಮಾನ ಮಾಡುತ್ತವೆ. ಹಾಗಾಗಿ ನ್ಯೂಜೆರ್ಸಿಯಲ್ಲಿ ಎಂಟನೇ ತರಗತಿ ಓದುತ್ತಿರುವ ನನ್ನ ಮಗಳ ಒಂದು ವಾರದ ಪಾಠವನ್ನೇ ಹೇಳ್ತೀನಿ. ಆ ವಾರ ಇಂಗ್ಲಿಷ್ ಟೀಚರೂ ಹಿಸ್ಟರಿ ಟೀಚರೂ ಸೇರಿ ಒಂದೇ ವಿಷಯ ತಗೊಂಡಿದ್ದರು.

ಸೋಮವಾರ 1776ರ ಸ್ವಾತಂತ್ರ್ಯ ಘೋಷಣೆ. ಎಲ್ಲರೂ ಸಮಾನರಾಗಿ ಹುಟ್ಟಿದವರು ಅನ್ನುವ ಘೋಷಣೆ. ಯಾಕೆ ಬರೆದರು ಅನ್ನೋದು ಹಿಸ್ಟರಿ ಕ್ಲಾಸಿಗೆ, ಹೇಗೆ ಬರೆದರು ಅನ್ನೋದು ಇಂಗ್ಲಿಷ್ ಕ್ಲಾಸಿಗೆ. ಬ್ರಿಟನ್ ದೊರೆಯ ಮೇಲಿನ ಆರೋಪಗಳು ಒಂದರ ಹಿಂದೊಂದು 'ಅವನು' ಅಂತಲೇ ಶುರುವಾಗುತ್ತವೆ. ನಮ್ಮ ಭಾಷಣಕಾರರೂ ಇದನ್ನೇ ಮಾಡ್ತಾರಲ್ಲ! ಮಂಗಳವಾರ ಅದರ ಕರಡು. ಗುಲಾಮರ ವ್ಯಾಪಾರವನ್ನು ದೊರೆಯ ತಲೆಗೆ ಕಟ್ಟುವ ಒಂದು ಪ್ಯಾರಾವನ್ನು ಥಾಮಸ್ ಜೆಫರ್ಸನ್ ಬರೆದಿದ್ದರು, ಕಾಂಗ್ರೆಸ್ ಅದನ್ನು ತೆಗೆದುಹಾಕಿತು. ಬರೆದವರೇ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವರು.

ಬುಧವಾರದ ಪಾಠ ನನಗೆ ಬಹಳ ಹಿಡಿಸಿತು. 1787ರ ಸಂವಿಧಾನ ಕೊಟ್ಟು, 'ಗುಲಾಮ' ಅನ್ನೋ ಪದ ಹುಡುಕಿ ಅಂದರಂತೆ. ಯಾರಿಗೂ ಸಿಗಲಿಲ್ಲ. ಸಿಗೋದೂ ಇಲ್ಲ. ಪ್ರತಿನಿಧಿಗಳ ಸಂಖ್ಯೆ ಲೆಕ್ಕ ಹಾಕುವಾಗ ಐದು ಗುಲಾಮರನ್ನು ಮೂರು ಜನ ಅಂತ ಎಣಿಸಬೇಕು ಅನ್ನುವ ನಿಯಮ ಅಲ್ಲಿದೆ, ಆದರೆ ಬರೆದಿರುವುದು 'ಇತರ ವ್ಯಕ್ತಿಗಳು' ಅಂತ. ಗುಲಾಮಗಿರಿ ಅನ್ನೋ ಪದ ಅಮೆರಿಕದ ಸಂವಿಧಾನದೊಳಗೆ ಬರುವುದು 1865ರ 13ನೇ ತಿದ್ದುಪಡಿಯಲ್ಲಿ, ಅದನ್ನು ರದ್ದು ಮಾಡುವಾಗ!

ಗುರುವಾರ ಫ್ರೆಡರಿಕ್ ಡಗ್ಲಸ್ ಅವರ 1845ರ ಆತ್ಮಕಥೆಯ ಒಂದು ಭಾಗ. ಗುಲಾಮನಾಗಿ ಹುಟ್ಟಿದ ಹುಡುಗ. ಬಾಲ್ಟಿಮೋರ್‌ನಲ್ಲಿ ಯಜಮಾನಿ ಅಕ್ಷರ ಹೇಳಿಕೊಡೋಕೆ ಶುರು ಮಾಡ್ತಾಳೆ, ಗಂಡ ತಡೀತಾನೆ. ಹುಡುಗ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಓದು ಕಲೀತಾನೆ. 1838ರಲ್ಲಿ ತಪ್ಪಿಸಿಕೊಂಡ. ಪುಸ್ತಕದಲ್ಲಿ ಯಜಮಾನರ ಹೆಸರುಗಳನ್ನೂ ಬರೆದ. ಮತ್ತೆ ಹಿಡಿದಾರು ಅನ್ನೋ ಭಯಕ್ಕೆ ಬ್ರಿಟನ್ನಿಗೆ ಹೋಗಬೇಕಾಯಿತು.

"ಅಮ್ಮಾ, ಓದು ಕಲಿಸೋದೂ ತಪ್ಪಾ?" ಅಂತ ಕೇಳಿದಳು. ನಮ್ಮಲ್ಲೂ ಜಾತಿಯ ಹೆಸರಲ್ಲಿ ಓದನ್ನು ತಡೆದಿದ್ದರು ಅಂತ ಹೇಳಿದೆ. 1873ರಲ್ಲಿ ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ ಅರ್ಪಿಸಿದ್ದನ್ನೂ ಹೇಳಿದೆ.

ಇಂಥ ಪಾಠ ಎಲ್ಲ ಕಡೆ ಇಷ್ಟು ಸಲೀಸಲ್ಲ. 2021ರಿಂದೀಚೆಗೆ ಟೆಕ್ಸಾಸ್, ಫ್ಲಾರಿಡಾ ಸೇರಿದಂತೆ ಹಲವು ರಾಜ್ಯಗಳು ಜನಾಂಗದ ವಿಷಯವನ್ನು ಶಾಲೆಗಳಲ್ಲಿ ಹೇಗೆ ಕಲಿಸಬೇಕು ಅನ್ನೋದರ ಮೇಲೆ ನಿರ್ಬಂಧ ತಂದಿವೆ. ಗುಲಾಮಗಿರಿಯ ಇತಿಹಾಸ ಹೇಳಬಾರದು ಅಂತ ಆ ಕಾನೂನುಗಳಲ್ಲಿ ಇಲ್ಲ. ಆದರೆ ಎಲ್ಲಿ ದೂರು ಬರುತ್ತೋ ಅಂತ ಟೀಚರ್ ಹಿಂಜರಿದರೆ ಬುಧವಾರದಂಥ ಪಾಠವೇ ಮೊದಲು ಬಿಟ್ಟುಹೋಗುತ್ತೆ ಅಂತ ನನ್ನ ಅನಿಸಿಕೆ.

ಶುಕ್ರವಾರ ಪ್ರಬಂಧ. ಆ ಪದವನ್ನು ಯಾಕೆ ಬಿಟ್ಟರು? ಅಭಿಪ್ರಾಯ ಯಾವುದಾದರೂ ಇರಲಿ, ಆಧಾರ ಬೇಕು. ಮಗಳು ಜೇಮ್ಸ್ ಮ್ಯಾಡಿಸನ್ ಟಿಪ್ಪಣಿ ಹಿಡಿದಳು: ಮನುಷ್ಯರು ಆಸ್ತಿಯಾಗಬಹುದು ಅನ್ನುವ ಯೋಚನೆಯನ್ನು ಸಂವಿಧಾನದಲ್ಲಿ ಒಪ್ಪಿಕೊಳ್ಳುವುದು ತಪ್ಪು ಅಂತ ಅವರು ಸಭೆಯಲ್ಲಿ ಹೇಳಿದ್ದರು. ಅವರ ಮನೆಯಲ್ಲೂ ಗುಲಾಮರಿದ್ದರು. ನಾಚಿಕೆಯಿಂದಲೇ ಬಿಟ್ಟರು ಅಂತ ಮಗಳು ಬರೆದಳು. ಪಕ್ಕದಲ್ಲಿ ಟೀಚರ್ ಕೆಂಪು ಇಂಕಿನಲ್ಲಿ ಕೇಳಿದ್ದಾರೆ: ನಾಚಿಕೆ ಇದ್ದಿದ್ದರೆ ನಿಯಮವನ್ನು ಯಾಕೆ ಬಿಡಲಿಲ್ಲ? ಅದಕ್ಕೆ ಉತ್ತರ ಸೋಮವಾರ ಕೊಡಬೇಕು, ಇನ್ನೂ ಬರೀತಿದ್ದಾಳೆ.