ಶ್ರೀರಂಗಪಟ್ಟಣ: ನದಿಯೇ ಕೋಟೆಯಾಗಿದ್ದ ರಾಜಧಾನಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ಕೋಟೆಯ ಸಮೀಪ ಟಿಪ್ಪು ಸುಲ್ತಾನನ ಜನ್ಮಸ್ಥಳವನ್ನು ಸೂಚಿಸುವ ಪುಟ್ಟ ಕಲ್ಲಿನ ಸ್ಮಾರಕವೊಂದಿದೆ. ಅಲ್ಲಿ ಆರಂಭವಾದ ಬದುಕು ಕೊನೆಗೊಂಡದ್ದು 1799ರ ಮೇ 4ರಂದು, ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣದಲ್ಲಿ. ಮಂಡ್ಯ ಜಿಲ್ಲೆಯ ಈ ಸಣ್ಣ ಊರನ್ನು ಮೈಸೂರಿಗೆ ಹೋಗುವ ದಾರಿಯಲ್ಲಿ ಗಂಟೆಯೊಂದರಲ್ಲಿ ನೋಡಿ ಮುಗಿಸುವವರೇ ಹೆಚ್ಚು. 2023ರಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿಯಂತೂ ಊರನ್ನು ಬಳಸಿಕೊಂಡೇ ಸಾಗುತ್ತದೆ. ಆದರೆ ಇಲ್ಲಿನ ಸ್ಮಾರಕಗಳು ಅರ್ಥವಾಗಬೇಕಾದರೆ ಒಂದು ಇಡೀ ದಿನ ಬೇಕು. ನೋಟ ನದಿಯಿಂದಲೇ ಆರಂಭವಾಗಬೇಕು.

ನೀರಿನ ಕಾವಲು

ಊರಿನ ಪಶ್ಚಿಮಕ್ಕೆ ಕಾವೇರಿ ಎರಡು ಕವಲಾಗಿ ಒಡೆದು, ಪೂರ್ವದ ಗಂಜಾಂ ಬಳಿಯ ಸಂಗಮದಲ್ಲಿ ಮತ್ತೆ ಕೂಡುತ್ತಾಳೆ. ನಡುವಿನ ದ್ವೀಪಕ್ಕೆ ಸುತ್ತಲೂ ನೀರೇ ಕಂದಕ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಊರನ್ನು ಪಡೆದು ರಾಜಧಾನಿ ಮಾಡಿಕೊಂಡದ್ದರ ಹಿಂದೆ ಈ ಅನುಕೂಲವೂ ಇತ್ತು. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಕೋಟೆ ಇನ್ನಷ್ಟು ಬಲಗೊಂಡಿತು.

ಆದರೆ ಈ ಕಾವಲು ವರ್ಷವಿಡೀ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ನದಿ ಬತ್ತಿ ಬಂಡೆಗಳು ಮೇಲೇಳುತ್ತಿದ್ದವು. ಮಳೆಗಾಲ ಹಿಡಿಯುವ ಮೊದಲೇ ಕೋಟೆಯನ್ನು ಗೆಲ್ಲಬೇಕೆಂಬುದು ಬ್ರಿಟಿಷ್ ಸೇನಾನಿ ಹ್ಯಾರಿಸ್‌ನ ಲೆಕ್ಕಾಚಾರ. ಮೇ 4ರ ನಡು ಮಧ್ಯಾಹ್ನ ಅವನ ಸೈನಿಕರು ನದಿಯನ್ನು ನಡೆದೇ ದಾಟಿ, ಫಿರಂಗಿಗಳು ಒಡೆದಿದ್ದ ಕೋಟೆಗೋಡೆಯ ಬಿರುಕಿನ ಮೂಲಕ ಒಳನುಗ್ಗಿದರು. ಟಿಪ್ಪುವಿನ ದೇಹ ದೊರೆತ ಸ್ಥಳವನ್ನು ಕಲ್ಲೊಂದು ಸೂಚಿಸುತ್ತದೆ.

ಕೋಟೆಯೊಳಗೆ

ಗಂಗರ ಕಾಲದಲ್ಲಿ ಮೂಲವನ್ನು ಹೊಂದಿರುವ ಶ್ರೀರಂಗನಾಥಸ್ವಾಮಿ ದೇವಾಲಯವು ಕಾವೇರಿ ತೀರದ ರಂಗಕ್ಷೇತ್ರಗಳಲ್ಲಿ ಆದಿರಂಗವೆಂದು ಪ್ರಸಿದ್ಧ. ಬೆಂಗಳೂರು ದ್ವಾರದ ಬಳಿ ಎರಡು ಮಿನಾರುಗಳ ಜಾಮಿಯಾ ಮಸೀದಿ ಇದೆ. ದೇಗುಲದ ಸಮೀಪವಿದ್ದ ಟಿಪ್ಪುವಿನ ಲಾಲ್ ಮಹಲ್ ಅರಮನೆ ಮಾತ್ರ ಇಂದು ಅಡಿಪಾಯವಾಗಿಯಷ್ಟೇ ಉಳಿದಿದೆ. ನದಿಯ ದಂಡೆಯಲ್ಲಿ ಕರ್ನಲ್ ಬೇಲಿಯ ಹೆಸರಿನ ನೆಲಮಾಳಿಗೆಯ ಸೆರೆಮನೆಯಿದೆ.

ಈ ಕೋಟೆಯ ನಡುವೆಯೇ ಬೆಂಗಳೂರು-ಮೈಸೂರು ರೈಲು ಹಳಿ ಹಾದುಹೋಗಿದೆ. ಹಳಿಯನ್ನು ಜೋಡಿಮಾರ್ಗವಾಗಿಸುವಾಗ ಟಿಪ್ಪು ಕಾಲದ ಮದ್ದುಗುಂಡಿನ ಮನೆಯೊಂದು ಅಡ್ಡ ಬಂದಿತು. ಅದನ್ನು ಕೆಡವದೆ, ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು ಇಡಿಯಾಗಿ ಎತ್ತಿ, 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಲಾಯಿತು. ಅಭಿವೃದ್ಧಿ ಮತ್ತು ಪರಂಪರೆ ಎದುರುಬದುರಾದಾಗ ಬೇರೆ ದಾರಿಯೂ ಉಂಟೆಂಬುದಕ್ಕೆ ಇದು ನಿದರ್ಶನ.

ಗೆದ್ದವರ ಚಿತ್ರ, ಸೋತವರ ಗೋಡೆ

ಕೋಟೆಯ ಹೊರಗೆ, ಪೂರ್ವದಿಕ್ಕಿನಲ್ಲಿರುವುದು 1784ರ ದರಿಯಾ ದೌಲತ್. ತೇಗದ ಕಂಬಗಳ ಈ ಬೇಸಿಗೆ ಅರಮನೆಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಒಳಗೆ ಕಣ್ಸೆಳೆಯುವ ತೈಲಚಿತ್ರ 1799ರ ಮುತ್ತಿಗೆಯನ್ನು ಕುರಿತದ್ದು. ಬರೆದವನು ಇಂಗ್ಲೆಂಡಿನ ರಾಬರ್ಟ್ ಕೆರ್ ಪೋರ್ಟರ್. ಅಂದರೆ ಅದು ಗೆದ್ದವರ ಕಥನ.

ಹೊರಗೋಡೆಯ ಕಥನ ಬೇರೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನವಿದೆ. ಮೈಸೂರಿನ ಸೇನೆ ಬ್ರಿಟಿಷರನ್ನು ಸೋಲಿಸಿದ ಆ ಕದನದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೇಲಿ ಬೆರಳು ಕಚ್ಚಿಕೊಂಡಿದ್ದಾನೆ. ನೆಲಮಾಳಿಗೆಗೆ ಹೆಸರು ಬಂದದ್ದು ಇವನಿಂದಲೇ. 1782ರಲ್ಲಿ ಇವನು ಸೆರೆಯಲ್ಲೇ ಸತ್ತ. ಒಂದು ಸಂಗತಿ ನೆನಪಿರಲಿ: ಟಿಪ್ಪುವಿನ ಪತನದ ನಂತರ ಇಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿಯೂ, ಬಳಿಕ 1855ರಲ್ಲಿ ಡಾಲ್‌ಹೌಸಿಯೂ ಈ ಚಿತ್ರಗಳಿಗೆ ಹೊಸದಾಗಿ ಬಣ್ಣ ಹಚ್ಚಿಸಿದರು. ಹೀಗಾಗಿ ಇಂದು ಕಾಣುವ ಗೆರೆಗಳೆಲ್ಲವೂ ಮೂಲ ಕಲಾವಿದರವಲ್ಲ.

ಸಂಗಮದ ಹತ್ತಿರದ ಗುಂಬಜ್‌ನಲ್ಲಿ ಹೈದರಾಲಿ, ಅವನ ಪತ್ನಿ ಫಕ್ರುನ್ನೀಸಾ ಮತ್ತು ಟಿಪ್ಪುವಿನ ಸಮಾಧಿಗಳಿವೆ. ನುಣುಪಾದ ಕಪ್ಪು ಕಲ್ಲಿನ ಕಂಬಗಳು, ದಂತದ ಕುಸುರಿಯ ಬಾಗಿಲುಗಳು ಇಲ್ಲಿನ ವಿಶೇಷ. ಗಂಜಾಂನಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ 1800ರಲ್ಲಿ ಕಟ್ಟಿಸಿದ ಚರ್ಚ್ ಇದೆ. ಕಾವೇರಿಯ ಮೇಲೆ ದಿವಾನ್ ಪೂರ್ಣಯ್ಯ 1804ರಲ್ಲಿ ಪೂರ್ಣಗೊಳಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯೂ ನೋಡತಕ್ಕದ್ದೇ.

ಉಳಿದದ್ದನ್ನು ಉಳಿಸುವ ಹೊಣೆ

ಟಿಪ್ಪುವಿನ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅವನ ಗ್ರಂಥಭಂಡಾರದ ಹಲವು ಹಸ್ತಪ್ರತಿಗಳೂ ಸಮುದ್ರ ದಾಟಿದವು. ಒಯ್ಯಲಾಗದೆ ಉಳಿದದ್ದು ಗೋಡೆ, ಕಂಬ, ಕಂದಕ, ಸಮಾಧಿಗಳು ಮಾತ್ರ. ಈ ದ್ವೀಪನಗರದ ಸ್ಮಾರಕಗಳು 2014ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಸಂಭಾವ್ಯ ತಾಣಗಳ ಪಟ್ಟಿಯಲ್ಲಿವೆ. ಆದರೆ ಸ್ಮಾರಕಗಳ ನಡುವೆಯೇ ಜನವಸತಿಯಿರುವ ಊರಿನಲ್ಲಿ ಸಂರಕ್ಷಣೆ ಸುಲಭದ ಮಾತಲ್ಲ. ಗೋಡೆಯ ಮೇಲೆ ಹೆಸರು ಕೆತ್ತದಿರುವುದು, ಕಸ ಎಸೆಯದಿರುವುದು ಪ್ರವಾಸಿಗರ ಪಾಲಿನ ಕರ್ತವ್ಯ.

ಹೋಗುವ ಬಗೆ

ಬೆಂಗಳೂರಿನಿಂದ ಸುಮಾರು 125 ಕಿ.ಮೀ., ಮೈಸೂರಿನಿಂದ ಸುಮಾರು 15 ಕಿ.ಮೀ. ಬಸ್ ಸೌಲಭ್ಯವಿದೆ, ರೈಲು ನಿಲ್ದಾಣವೂ ಇದೆ. ಬೆಳಿಗ್ಗೆ ದೇವಾಲಯ ಮತ್ತು ಕೋಟೆ, ಬಳಿಕ ದರಿಯಾ ದೌಲತ್, ಸಂಜೆಗೆ ಗುಂಬಜ್ ಮತ್ತು ಸಂಗಮ ಎಂಬ ಕ್ರಮ ಅನುಕೂಲಕರ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಮಾತ್ರ ನದಿಗೆ ಇಳಿಯುವ ಸಾಹಸ ಬೇಡ.