ಗಿರಣಿ ಊರುಗಳ ಇರುಳ ಸಂಗೀತ

ಅಧ್ಯಾಯ 6

ಸಿನಿಮಾದ ಹಂಗಿಲ್ಲದೆಯೂ ಹಾಡು ಮನೆಮನೆ ಸೇರಬಲ್ಲದು ಎಂಬುದನ್ನು ಕನ್ನಡಿಗರು 1978ರಲ್ಲೇ ಕಂಡರು. ಆ ವರ್ಷ ಬಂದ ಕೆ.ಎಸ್. ನಿಸಾರ್ ಅಹಮದ್ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಭಾವಗೀತೆಗೆ ಹೊಸ ದಾರಿಯನ್ನೇ ತೆರೆಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಗ್ಲೆಂಡಿನ ಹುಡುಗ ಹುಡುಗಿಯರು ದೊಡ್ಡ ರೆಕಾರ್ಡ್ ಕಂಪನಿಗಳ ಬಾಗಿಲು ಕಾಯುವುದನ್ನು ಬಿಟ್ಟು, ತಾವೇ ಹಾಡು ಮುದ್ರಿಸಿ ತಾವೇ ಹಂಚತೊಡಗಿದ್ದರು. ಇಂಡಿ ರಾಕ್ ಎಂದು ಇಂದು ಕರೆಯುವುದರ ಬುಡ ಇರುವುದು ಅಲ್ಲಿ. ಅದರ ಒಂದು ಕವಲು ಬೆಳಕಿನ ಕಡೆ ಹೋಗಲಿಲ್ಲ. ಡಾರ್ಕ್ ವೇವ್, ಗಾಥಿಕ್ ಎಲೆಕ್ಟ್ರಾನಿಕ್ ಎಂಬ ಹೆಸರುಗಳು ಅದಕ್ಕೆ ಅಂಟಿದವು.

ಮುಂಬಯಿಯ ಭಾಂಡುಪ್‌ನಲ್ಲಿ ಕೂತು ಈ ಸಂಗೀತ ಕೇಳುವವರಿಗೆ ಅದು ಪರಕೀಯ ಅನ್ನಿಸಬೇಕಿಲ್ಲ. ಅದು ಹುಟ್ಟಿದ್ದು ಕಾರ್ಖಾನೆಯ ಊರುಗಳಲ್ಲಿ, ಈಗ ತಯಾರಾಗುತ್ತಿರುವುದು ಚಿಕ್ಕ ಕೋಣೆಗಳಲ್ಲಿ. ಎಲ್‌ಬಿಎಸ್ ಮಾರ್ಗದ ಉದ್ದಕ್ಕೂ ಕಾರ್ಖಾನೆಯ ಗೋಡೆಗಳನ್ನೂ, ಅವು ಉರುಳಿದ ಜಾಗದಲ್ಲಿ ಎದ್ದ ಗೋಪುರಗಳನ್ನೂ ಕಂಡ ಈ ಉಪನಗರಕ್ಕೆ ಎರಡೂ ಚೆನ್ನಾಗಿ ಗೊತ್ತು.

ಕಿವಿಗೆ ಮೊದಲು ಬೀಳುವುದೇನು?

ಬೇಸ್ ಗಿಟಾರ್. ಉಳಿದ ರಾಕ್‌ನಲ್ಲಿ ಬೇಸ್ ಹಿಂದೆ ನಿಂತು ಆಸರೆ ಕೊಡುತ್ತದೆ, ಇಲ್ಲಿ ಧಾಟಿಯನ್ನು ಹೊರುವುದೇ ಅದು. ಗಿಟಾರಿನ ದನಿ ತೆಳು, ತಣ್ಣಗೆ. ಅದಕ್ಕೆ ಕಾರಣ ಕೋರಸ್ ಎಂಬ ಪೆಡಲ್. ಅದು ನುಡಿಸಿದ ಸ್ವರವನ್ನೇ ಕೊಂಚ ತಡವಾಗಿ, ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಮೂಲದೊಡನೆ ಬೆರೆಸುತ್ತದೆ. ಡ್ರಮ್ ಏರಿಳಿತವಿಲ್ಲದೆ ಒಂದೇ ಸಮನೆ ಬೀಳುತ್ತದೆ. ಹಾಡುವವರು ಮಂದ್ರದಲ್ಲೇ ಇದ್ದು, ಭಾವವನ್ನು ಹೊರಚೆಲ್ಲದೆ ಹಾಡುತ್ತಾರೆ. ಇಷ್ಟಕ್ಕೂ ಖಾಲಿ ಗೋದಾಮಿನೊಳಗೆ ನುಡಿಸಿದಂಥ ಮಾರ್ದನಿ ಸುತ್ತಿಕೊಂಡಿರುತ್ತದೆ.

ಈ ಅಚ್ಚನ್ನು ಕಟ್ಟಿದವರಲ್ಲಿ ಮೊದಲ ಹೆಸರು ಜಾಯ್ ಡಿವಿಷನ್. ಹತ್ತಿ ಗಿರಣಿಗಳ ಊರಾದ ಮ್ಯಾಂಚೆಸ್ಟರ್ ಸುತ್ತಲಿನ ನಾಲ್ವರು ಯುವಕರ ಗುಂಪು ಅದು. 1979ರ ‘ಅನ್‌ನೋನ್ ಪ್ಲೆಷರ್ಸ್’ ಆಲ್ಬಮ್‌ನಲ್ಲಿ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡ್ರಮ್‌ನ ಒಂದೊಂದು ಭಾಗದ ಸದ್ದನ್ನೂ ಬೇರೆಬೇರೆಯಾಗಿ ಹಿಡಿಯಲು ಹಟ ಹಿಡಿದ. ಮನುಷ್ಯನೇ ಬಾರಿಸಿದರೂ ಯಂತ್ರ ಬಾರಿಸಿದಂತೆ ಕೇಳುವ ತಾಳ ಅದರ ಫಲ. ಗಾಯಕ ಇಯಾನ್ ಕರ್ಟಿಸ್ 1980ರ ಮೇ 18ರಂದು ತೀರಿಕೊಂಡ. ಉಳಿದವರು ನ್ಯೂ ಆರ್ಡರ್ ಎಂದು ಹೆಸರು ಬದಲಿಸಿ ನಿಜವಾದ ಡ್ರಮ್ ಯಂತ್ರವನ್ನೇ ಹಿಡಿದರು. ಅವರ 1983ರ ‘ಬ್ಲೂ ಮಂಡೇ’ ರಾಕ್ ಮತ್ತು ಡಾನ್ಸ್ ನಡುವಿನ ಗೋಡೆ ಕೆಡವಿತು. ಇನ್ನೊಂದು ಬಟ್ಟೆ ಊರಾದ ಲೀಡ್ಸ್‌ನ ಸಿಸ್ಟರ್ಸ್ ಆಫ್ ಮರ್ಸಿ ತಂಡದವರು ತಮ್ಮ ಡ್ರಮ್ ಯಂತ್ರಕ್ಕೆ ‘ಡಾಕ್ಟರ್ ಅವಲಾಂಚ್’ ಎಂದು ನಾಮಕರಣ ಮಾಡಿ ಸದಸ್ಯರ ಪಟ್ಟಿಯಲ್ಲೇ ಸೇರಿಸಿಬಿಟ್ಟರು. ಅದಕ್ಕೆ ಊಟ ಬೇಡ, ಸಂಬಳ ಬೇಡ, ನೆರೆಮನೆಯವರೊಡನೆ ಜಗಳವೂ ಇಲ್ಲ.

1982, ಎರಡು ಊರು

1982ರ ಜನವರಿ 18ರಂದು ಮುಂಬಯಿಯ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಂದಾಳು ಘಾಟ್ಕೋಪರ್‌ನಲ್ಲಿ ವೈದ್ಯರಾಗಿದ್ದ ದತ್ತಾ ಸಾಮಂತ್. ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ, ಗಿರಣಿಗಳೇ ಮುಗಿದವು. ಅದೇ ವರ್ಷ ಮೇ 21ರಂದು ಮ್ಯಾಂಚೆಸ್ಟರ್‌ನ ಹಳೆಯ ಗೋದಾಮೊಂದರಲ್ಲಿ ‘ಹಸಿಯೆಂಡಾ’ ಎಂಬ ಕ್ಲಬ್ ತೆರೆಯಿತು. ನ್ಯೂ ಆರ್ಡರ್ ಹಾಡುಗಳ ಗಳಿಕೆಯೂ ಅದರೊಳಗೆ ಹೋಯಿತು.

ಒಂದೇ ಬಗೆಯ ಕುಸಿತ ಕಂಡ ಎರಡು ಊರು, ಆದರೂ ಮುಂಬಯಿಯಲ್ಲಿ ಆಗ ಅಂಥ ಸಂಗೀತ ಹುಟ್ಟಲಿಲ್ಲ. ಕೆಲಸ ಕಳೆದುಕೊಂಡವರ ಬಳಿ ಅವರದೇ ಹಾಡುಗಳಿದ್ದವು: ಪರೇಲ್‌ನ ಚಾಳುಗಳಲ್ಲಿ ಶಾಹಿರರ ಪೋವಾಡ, ಲಾವಣಿ, ಭಜನೆ, ಕರಾವಳಿಯಿಂದ ಬಂದವರಿಗೆ ಯಕ್ಷಗಾನ. ಎಲೆಕ್ಟ್ರಿಕ್ ಗಿಟಾರ್ ಮಾತ್ರ ದಕ್ಷಿಣ ಮುಂಬಯಿಯ ಕಾಲೇಜು ಹುಡುಗರ ಕೈಯಲ್ಲಿತ್ತು. ಬೆಂಗಳೂರಿನಲ್ಲಿ ಬೆಳೆದ ಕೊಡವ ಬಿದ್ದು ಅಪ್ಪಯ್ಯ ಲಂಡನ್ನಿಗೆ ಹೋಗಿ, 1981ರಲ್ಲಿ ನಾಜಿಯಾ ಹಸನ್ ದನಿಯಲ್ಲಿ ‘ಡಿಸ್ಕೋ ದೀವಾನೆ’ ತಂದಾಗ ಸಿಂಥಸೈಜರ್ ಸದ್ದು ಎಲ್ಲರ ಕಿವಿಗೂ ಬಿತ್ತು. ಆದರೆ ಅದು ಹಬ್ಬದ ಸದ್ದು.

ಚರಣಜಿತ್ ಸಿಂಗ್‌ರ ಪೆಟ್ಟಿಗೆಗಳು

ಅದೇ 1982ರಲ್ಲಿ ಮುಂಬಯಿಯಿಂದಲೇ ಇನ್ನೊಂದು ರೆಕಾರ್ಡ್ ಹೊರಬಿತ್ತು. ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಮೂರು ಜಪಾನಿ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದರು: ತಾಳಕ್ಕೆ ರೋಲೆಂಡ್ ಟಿಆರ್-808, ಬೇಸ್‌ಗೆ ಟಿಬಿ-303, ಆಲಾಪಕ್ಕೆ ಜುಪಿಟರ್-8. ಭೈರವಿ, ಲಲಿತ್, ಯಮನ್, ಮಾಲ್‌ಕೌಂಸ್ ಸೇರಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ ಆ ರೆಕಾರ್ಡ್ ಹೆಚ್ಚು ಮಾರಾಟವಾಗಲಿಲ್ಲ.

303 ಅನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಜೊತೆ ಕೊಡಲೆಂದು ಮಾಡಿದ ಬೆಳ್ಳಿ ಬಣ್ಣದ ಚಿಕ್ಕ ಪೆಟ್ಟಿಗೆ ಅದು. ಒಂದು ಆವರ್ತಕ್ಕೆ ಹದಿನಾರು ಮನೆ, ಪ್ರತಿ ಮನೆಗೂ ಸ್ವರ, ಒತ್ತು ಮತ್ತು ಜಾರು. ಈ ಜಾರು ಗುಂಡಿ ಒತ್ತಿದರೆ ಒಂದು ಸ್ವರ ಕಡಿಯದೆ ಮುಂದಿನದಕ್ಕೆ ಹರಿಯುತ್ತದೆ. ಹೀಗೆ ಹರಿಯುವ ಮೀಂಡ್ ಬಾರದು ಎಂಬ ಆಕ್ಷೇಪವೂ ಇದ್ದುದರಿಂದ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಮನೆ ಎಣಿಸುವ ಯಂತ್ರದಲ್ಲಿ ಅದೇ ಮೀಂಡ್ ಒಂದು ಗುಂಡಿಗೆ ಸಿಕ್ಕಿತು, ಸಿಂಗ್ ಅದರ ಬೆಲೆ ಅರಿತರು.

1987ರಲ್ಲಿ ಷಿಕಾಗೋದ ಫ್ಯೂಚರ್ ತಂಡ ಅದೇ ಪೆಟ್ಟಿಗೆಯಿಂದ ‘ಆಸಿಡ್ ಟ್ರ್ಯಾಕ್ಸ್’ ಮಾಡಿದಾಗ ಆಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿತೆಂದು ಜಗತ್ತು ಬರೆದುಕೊಂಡಿತು. 2010ರಲ್ಲಿ ಸಿಂಗ್‌ರ ರೆಕಾರ್ಡ್ ಮರುಮುದ್ರಣವಾದ ಮೇಲೆ ಆ ಚರಿತ್ರೆಯ ಮೊದಲ ಪುಟ ತಿದ್ದಬೇಕಾಯಿತು. ಅವರು 2015ರ ಜುಲೈನಲ್ಲಿ ತೀರಿಕೊಂಡರು. ಅವರಿಗೂ ಮೊದಲು, 1969ರಲ್ಲೇ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂದಿತ್ತು. ಅಲ್ಲಿಯ ಧ್ವನಿಸುರುಳಿಗಳು ಆಲ್ಬಮ್ ಆಗಿ ಹೊರಬಂದದ್ದು 2023ರಲ್ಲಿ. ಹೊಸ ಬಿಡುಗಡೆ ಅಂದರೆ ಹೊಸದಾಗಿ ಮಾಡಿದ್ದೇ ಆಗಬೇಕಿಲ್ಲ ಎಂಬುದಕ್ಕೆ ಈ ಎರಡು ಸಾಕು.

ರಂಗ್ ಭವನ್‌ನಿಂದ ಹೆಡ್‌ಫೋನ್‌ಗೆ

ಮುಂಬಯಿಯ ರಾಕ್‌ಗೆ ಒಂದು ಕಾಲದಲ್ಲಿ ಬಯಲೇ ಮನೆ. ಧೋಬಿ ತಲಾವ್‌ನ ರಂಗ್ ಭವನ್‌ನಲ್ಲಿ 1986ರಲ್ಲಿ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವ ಶುರುವಾಯಿತು. 1984ರಲ್ಲಿ ಕೂಡಿಕೊಂಡ ರಾಕ್ ಮಶೀನ್ ತಂಡ ಬೇರೆಯವರ ಹಾಡು ಬಿಟ್ಟು ಸ್ವಂತ ಹಾಡು ಬರೆದು, 1993ರಲ್ಲಿ ಇಂಡಸ್ ಕ್ರೀಡ್ ಆಯಿತು. ಬಳಿಕ 2000ದ ಶಬ್ದಮಾಲಿನ್ಯ ನಿಯಮಗಳು ಬಂದವು. ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರು ಮೌನ ವಲಯ, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇಲ್ಲ. ಸೇಂಟ್ ಝೇವಿಯರ್ಸ್ ಕಾಲೇಜು, ಕಾಮಾ ಆಸ್ಪತ್ರೆಗಳ ಮಗ್ಗುಲಲ್ಲಿದ್ದ ರಂಗ್ ಭವನ್‌ನಲ್ಲಿ ರಾಕ್ ಅಡಗಿತು. 2007ರಲ್ಲಿ ಲೋವರ್ ಪರೇಲ್‌ನ ಮಥುರಾದಾಸ್ ಮಿಲ್ ಆವರಣದಲ್ಲಿ ಬ್ಲೂ ಫ್ರಾಗ್ ತೆರೆದಾಗ ಗಿರಣಿಯ ಅಂಗಳಕ್ಕೆ ಬೇರೆಯೇ ಗದ್ದಲ ಬಂತು. 2016ರಲ್ಲಿ ಅದೂ ಮುಚ್ಚಿತು.

ಈ ನಡುವೆ ದನಿಯೂ ಬದಲಾಯಿತು. 1994ರಲ್ಲಿ ಹುಟ್ಟಿದ ಪೆಂಟಗ್ರಾಂ ಗಿಟಾರಿನ ಅಬ್ಬರಕ್ಕೆ ಎಲೆಕ್ಟ್ರಾನಿಕ್ ತಾಳ ಸೇರಿಸಿಕೊಂಡು 2005ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಹೋಯಿತು. ಮೆಡೂಸಾ ಎಂಬ ತಂಡ ಸ್ಕೈ ರ‍್ಯಾಬಿಟ್ ಎಂದು ಹೆಸರು ಬದಲಿಸಿ, 2012ರ ಆಲ್ಬಮ್‌ನಲ್ಲಿ ಸಿಂಥ್ ಮತ್ತು ಗಿಟಾರುಗಳನ್ನು ಒಂದೇ ಹದದಲ್ಲಿ ಬೆರೆಸಿತು. ಅದರ ಗಾಯಕ ರಕ್ಷಿತ್ ತಿವಾರಿ ಆಮೇಲೆ ‘ಯುವರ್ ಚಿನ್’ ಹೆಸರಲ್ಲಿ ಒಬ್ಬರೇ ಹಾಡು ಕಟ್ಟತೊಡಗಿದರು.

ತಂಡದಿಂದ ಒಂಟಿ ಮನುಷ್ಯನಿಗೆ ಆದ ಈ ಪಯಣ ಒಬ್ಬರದ್ದಲ್ಲ. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಡ್ರಮ್ ಸೆಟ್ ಇಡಲು ಜಾಗವೂ ಇಲ್ಲ, ಬಾರಿಸಲು ಸೊಸೈಟಿಯ ಅನುಮತಿಯೂ ಇಲ್ಲ. ತಾಸಿನ ಲೆಕ್ಕದಲ್ಲಿ ಜ್ಯಾಮ್ ರೂಮ್ ಹಿಡಿದರೆ ಬಾಡಿಗೆ ಜೊತೆಗೆ ಗಿಟಾರ್ ಚೀಲ ಹೊತ್ತು ಸ್ಲೋ ಲೋಕಲ್ ಹತ್ತುವ ಪಾಡು. ಆದ್ದರಿಂದ ಲ್ಯಾಪ್‌ಟಾಪ್, ಎರಡು ಸಪ್ತಕದ ಕೀಬೋರ್ಡ್, ಗಿಟಾರನ್ನು ನೇರ ಕಂಪ್ಯೂಟರಿಗೆ ಚುಚ್ಚುವ ಆಡಿಯೋ ಇಂಟರ್‌ಫೇಸ್, ಒಂದು ಹೆಡ್‌ಫೋನ್. ಹಾಡುವಾಗ ಮಾತ್ರ ಬಾಯಿ ತೆರೆಯಬೇಕು: ಫ್ಯಾನ್ ನಿಲ್ಲಿಸಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರೆದುರು ಮೈಕ್ ಇಟ್ಟರೆ ಗೋಡೆಯ ಪ್ರತಿಧ್ವನಿಯನ್ನು ಬಟ್ಟೆ ಹೀರಿಕೊಳ್ಳುತ್ತದೆ. ಮನೆಯವರು ಮಲಗಿರುವಾಗ ತಾರಸ್ಥಾಯಿಗೆ ಏರುವಂತಿಲ್ಲ. ಯಂತ್ರದ ತಾಳ, ಮಂದ್ರದ ದನಿ, ಸಾಫ್ಟ್‌ವೇರ್ ಕೊಟ್ಟ ಸುಳ್ಳು ಗೋದಾಮಿನ ಮಾರ್ದನಿ: ಗಾಥಿಕ್ ಸಂಗೀತದ ಲಕ್ಷಣಗಳೆಲ್ಲ ಇಲ್ಲಿ ಶೈಲಿಯಾಗುವ ಮೊದಲೇ ಅನಿವಾರ್ಯವಾಗಿ ಒದಗಿಬಿಡುತ್ತವೆ.

ಶುಕ್ರವಾರದ ಬಿಡುಗಡೆ

ಹಿಂದೆ ಕ್ಯಾಸೆಟ್ ಹೊರಬಂದರೆ ಕಾಲಾಘೋಡಾದ ರಿದಂ ಹೌಸ್‌ನ ಕಪಾಟಿನಲ್ಲಿ ಜಾಗ ಸಿಕ್ಕಬೇಕಿತ್ತು. ಆ ಅಂಗಡಿ 2016ರಲ್ಲಿ ಮುಚ್ಚಿತು. ಈಗ ಮನೆಯಲ್ಲೇ ಮುಗಿಸಿದ ಹಾಡಿಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ ಅಂಕಿಗಳ ಗುರುತು ಪಡೆದು, ಆನ್‌ಲೈನ್ ವಿತರಕರ ಮೂಲಕ ಎಲ್ಲ ಆ್ಯಪ್‌ಗಳಿಗೂ ಏರಿಸಬಹುದು. 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಹಾಡಿನ ದಿನ ಶುಕ್ರವಾರ, ಸಿನಿಮಾದಂತೆಯೇ.

ಏರಿಸುವುದು ಸುಲಭ, ಸಂಪಾದಿಸುವುದಲ್ಲ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಲೆಕ್ಕ. 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಕಾಸೇ ಇಲ್ಲ. ಹೀಗಾಗಿ ಬಹಳ ಮಂದಿ ಮೊದಲ ಹತ್ತು ಸೆಕೆಂಡಿನಲ್ಲೇ ಪಲ್ಲವಿ ತಂದು ಸುರಿಯುತ್ತಾರೆ. ಈ ಕವಲಿನವರು ಆ ಅವಸರಕ್ಕೆ ಬಗ್ಗಿಲ್ಲ. 1979ರ ಬೌಹಾಸ್ ತಂಡದ ‘ಬೆಲಾ ಲುಗೋಸೀಸ್ ಡೆಡ್’ ಒಂಬತ್ತು ನಿಮಿಷ ಮೀರುತ್ತದೆ, ದನಿ ಬರುವಷ್ಟರಲ್ಲಿ ಎರಡು ನಿಮಿಷ ದಾಟಿರುತ್ತದೆ. ದಿ ಕ್ಯೂರ್ 16 ವರ್ಷಗಳ ನಂತರ, 2024ರ ನವೆಂಬರ್ 1ರಂದು ತಂದ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ನ ಮೊದಲ ಹಾಡು ‘ಅಲೋನ್’ನಲ್ಲಿ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದು ಮೂರು ನಿಮಿಷ ಕಳೆದ ಮೇಲೆ. ಬಡಾ ಖಯಾಲಿನ ಆಲಾಪ ಕೇಳಿ ಬೆಳೆದವರಿಗೆ ಈ ತಾಳ್ಮೆ ಕಲಿಸಬೇಕಿಲ್ಲ. ಹೊಸಬರು ‘ಅಲೋನ್’ನಿಂದ ಶುರು ಮಾಡಿ, ಡಿಪೆಶ್ ಮೋಡ್‌ನ 2023ರ ‘ಮೆಮೆಂಟೋ ಮೋರಿ’ಗೆ ಹೋಗಿ, ಆಮೇಲೆ ಹಿಂದಿನವರತ್ತ ನಡೆಯುವುದು ಒಳ್ಳೆಯದು. ಮೆಚ್ಚಿದ ಚಿಕ್ಕ ತಂಡವಿದ್ದರೆ ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಹಾಡನ್ನು ಕೊಂಡುಕೊಳ್ಳಬಹುದು. ಅಲ್ಲಿ ಹಣದ ದೊಡ್ಡ ಪಾಲು ಮಾಡಿದವರಿಗೇ ಸೇರುತ್ತದೆ.

ಭಾಷೆಯ ಪ್ರಶ್ನೆ

ಇದು ಇಂಗ್ಲಿಷಿನವರ ಸೊತ್ತೂ ಅಲ್ಲ. ಬೆಲಾರೂಸ್‌ನ ಮಿನ್ಸ್ಕ್ ನಗರದ ಮೋಲ್ಚಾತ್ ದೋಮಾ ಎಂಬ ತಂಡ ಹಾಡುವುದು ರಷ್ಯನ್‌ನಲ್ಲಿ. 2018ರ ‘ಎತಾಝಿ’ ಆಲ್ಬಮ್‌ನ ‘ಸುದ್ನೋ’ ಎಂಬ ಹಾಡು 2020ರಲ್ಲಿ ಮೊಬೈಲ್ ವಿಡಿಯೋಗಳ ಮೂಲಕ ಜಗತ್ತೆಲ್ಲ ಹರಡಿತು. ಪದ ಒಂದೂ ಅರ್ಥವಾಗದವರು ಅದನ್ನು ಗುನುಗಿದರು. ಅದರ ಸಾಹಿತ್ಯ ಬೊರಿಸ್ ರಿಝೀ ಎಂಬ ಕವಿಯದು. ಉರಾಲ್ ಸೀಮೆಯ ಕಾರ್ಖಾನೆ ಊರಿನ ಆತ 2001ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡ. ಅಂದರೆ ಆ ತಂಡ ಮಾಡಿದ್ದು ನಮ್ಮ ಭಾವಗೀತೆಯ ಕೆಲಸವನ್ನೇ. ಆರಿಸಿಕೊಂಡ ಕವಿತೆ, ಕೂರಿಸಿದ ಸದ್ದು ಬೇರೆ, ಅಷ್ಟೆ.

ನಮ್ಮ ಭಾವಗೀತೆ ಆರಿಸಿಕೊಂಡದ್ದು ಹೆಚ್ಚಾಗಿ ಲಯ ಪ್ರಾಸ ಕೂಡಿಬಂದ, ಹಾಡಲೆಂದೇ ಕಾದಂತಿದ್ದ ಕವಿತೆಗಳನ್ನು. ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ ಮನೆಮಾತಾಯಿತು; ಅದೇ ಅಡಿಗರ ‘ಭೂಮಿಗೀತ’ದ ಒರಟು, ಸಿಟ್ಟು, ಗೋಜಲು ಗಾಯಕರ ಬಾಯಿಗೆ ಅಷ್ಟಾಗಿ ಬರಲಿಲ್ಲ. ಹಾರ್ಮೋನಿಯಂ, ತಬಲಾ, ಕೊಳಲಿನ ಚೌಕಟ್ಟಿನಲ್ಲಿ ನವ್ಯದ ನಗರ ಕವಿತೆಯನ್ನು ಕೂರಿಸುವುದು ಕಷ್ಟವೂ ಆಗಿತ್ತು. ಆದರೆ ಒಂದೇ ಸಮನೆ ಬೀಳುವ ತಾಳ, ಮಾತಿಗೂ ಹಾಡಿಗೂ ನಡುವೆ ನಿಲ್ಲುವ ಮಂದ್ರದ ದನಿ, ಪ್ರಾಸವನ್ನು ಬೇಡದ ಬೇಸ್ ಗಿಟಾರ್ ಅಂಥ ಕವಿತೆಗೆ ಹೇಳಿ ಮಾಡಿಸಿದ್ದು. ಕವಿಯ ಅಥವಾ ಹಕ್ಕುದಾರರ ಒಪ್ಪಿಗೆ ಪಡೆದು, ಭಾಂಡುಪ್‌ನ ಯಾವುದೇ ಎರಡನೇ ಮಹಡಿಯ ಕೋಣೆಯಲ್ಲಿ ಈ ಕೆಲಸ ಶುರುವಾಗಬಹುದು. ಅದಕ್ಕೆ ಬೇಕಾದ ಕವಿತೆ ಕನ್ನಡದಲ್ಲಿ ಅರವತ್ತು ವರ್ಷಗಳಿಂದ ಸಿದ್ಧವಿದೆ, ಯಂತ್ರಗಳು ಈಗ ಕೈಗೆಟಕುವ ಬೆಲೆಗೆ ಇಳಿದಿವೆ, ಬಿಡುಗಡೆಗೆ ಪ್ರತಿ ವಾರ ಒಂದು ಶುಕ್ರವಾರ ಬರುತ್ತದೆ.